ಮೂಡು ದಿಕ್ಕಿನ ಕಡಲು

ಚಿನ್ನೂ, ಪುಟ್ಟೀ,

ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ನನ್ನ ಬಾಯಿಗೆ ಬರುವುದು. ನೀವಿಬ್ಬರೂ ಇಂಗ್ಲಿಷನ್ನು ಓಡಿಸುತ್ತೀರಿ, ಕನ್ನಡವನ್ನು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀರಿ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಓದಿದವಳು. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ, ಅವಳು ಟೀಚರು.

ಬರೆಯಬೇಕಾದದ್ದು ನಾವು ಮೂವರು ಕಳೆದುಹೋದ ಸಂಜೆಯ ವಿಷಯ. ಅವತ್ತು ನಿಜವಾಗಿ ಕಳೆದುಹೋಗಿದ್ದೆವೋ ಇಲ್ಲವೋ ಎಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಆದರೆ ಆ ಸಂಜೆಯಿಂದಾಗಿ ನಿಮ್ಮ ಜೊತೆಗಿನ ನನ್ನ ನಡಿಗೆ ನಿಂತುಹೋಯಿತು. ಈ ದೇಶದಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಊರಿನ ಕಡೆ ಎಡ, ಬಲ ಎಂದು ಹೇಳುವವರು ಕಡಿಮೆ. ಕಡಲಿರುವ ಬದಿ ಪಡು, ಗುಡ್ಡವಿರುವ ಬದಿ ಮೂಡು. ಕಡಲಿಗೆ ಮುಖ ಮಾಡಿ ನಿಂತರೆ ಬಲಗೈಯ ಬದಿ ಬಡಗು, ಎಡಗೈಯ ಬದಿ ತೆಂಕು. ನೀವು ಪುಸ್ತಕದಲ್ಲಿ ಪಶ್ಚಿಮ, ಪೂರ್ವ, ಉತ್ತರ, ದಕ್ಷಿಣ ಎಂದು ಓದುವುದು ಇವನ್ನೇ. ಬಸ್ಸಿನ ಸೀಟಿನಲ್ಲಿ ಕೂತವಳಿಗೂ "ಸ್ವಲ್ಪ ತೆಂಕಿಗೆ ಸರಿ ಮಾರಾಯ್ತಿ" ಎನ್ನುತ್ತೇವೆ. ಮನೆ ಮನೆಗೆ ಅಂಚೆ ಹಂಚುತ್ತಿದ್ದ ನಿಮ್ಮ ಅಜ್ಜ ಕೊನೆಯ ವಾರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಲ್ಲಿಂದಲೇ "ದಿಂಬು ಒಂಚೂರು ಮೂಡಿಗೆ ಎಳಿ" ಎನ್ನುತ್ತಿದ್ದರು. ಕಣ್ಣು ಮುಚ್ಚಿದ್ದರೂ ಕಡಲು ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಅದು ಯೋಚಿಸಿ ತಿಳಿಯುವ ಸಂಗತಿಯಲ್ಲ.

ಶಾಲೆಯಲ್ಲಿ ನಮಗೊಬ್ಬರು ಮಾಸ್ತರರಿದ್ದರು. ಬಟ್ಟೆಯ ಮೇಲೆ ಅಂಟಿಸಿದ ಒಂದು ನಕ್ಷೆ ಶಾಲೆಗೆ ಬಂದಾಗ ಅದನ್ನು ಮೂಡು ಬದಿಯ ಗೋಡೆಗೆ ತೂಗು ಹಾಕಿದರು. ಕಡಲು ನಕ್ಷೆಯ ಎಡಬದಿಗೆ ಇತ್ತು. ಗೋಡೆಗೆ ಮುಖ ಮಾಡಿ ಕೂತ ನಮಗೆ ಎಡಬದಿ ಬಡಗು, ಹಾಗಾಗಿ ಆ ಕಡಲು ನಿಜವಾಗಿ ತೋರಿಸುತ್ತಿದ್ದದ್ದು ಬಡಗು ಬದಿಯ ಗೇರು ಗುಡ್ಡೆಯನ್ನು. "ಮಾಸ್ತ್ರೇ, ಗುಡ್ಡೆ ಮೇಲೆ ಎಂತಕ್ಕೆ ಕಡಲು?" ಎಂದು ಯಾರೋ ಕೇಳಿದರು. ಕೇಳಿದವಳು ನಾನಲ್ಲ, ನಾನು ಶಾಲೆಯಲ್ಲಿ ಬಾಯಿ ತೆರೆದವಳೇ ಅಲ್ಲ. ಮಾಸ್ತರರು ಒಮ್ಮೆ ಕಿಟಕಿಯ ಆಚೆಗಿನ ಗುಡ್ಡೆಯನ್ನು, ಒಮ್ಮೆ ನಕ್ಷೆಯನ್ನು ನೋಡಿದರು. ಆಮೇಲೆ ನಕ್ಷೆಯನ್ನು ಇಳಿಸಿ ಸೆಗಣಿ ಸಾರಿಸಿದ ನೆಲದ ಮೇಲೆ ಹಾಸಿ, ಅದರ ಕಡಲು ನಮ್ಮ ಕಡಲಿನ ಬದಿಗೆ ಬರುವ ಹಾಗೆ ತಿರುಗಿಸಿದರು. "ಈಗ ಸುತ್ತ ಕೂತ್ಕೊಳ್ಳಿ" ಎಂದರು. ಆ ದಿನದಿಂದ ನಕ್ಷೆ ಎಂದರೆ ನೆಲದ ಮೇಲೆ ಹಾಸುವ ವಸ್ತು ಎಂದೇ ನಾನು ತಿಳಿದಿದ್ದೆ.

ಇನ್ನು ಇಲ್ಲಿಯ ವಿಷಯ. ನಿಮ್ಮ ಅಪ್ಪನ ಕೆಲಸ ಈ ಅರಬ್ ದೇಶದ ದಹ್ರಾನಿನಲ್ಲಿ. ಮನೆ ಅಲ್ಲಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದೂರದಲ್ಲಿ, ಕಡಲ ದಂಡೆಯ ಊರಿನಲ್ಲಿ. ಕಡಲು ಹತ್ತಿರವಿದೆ ಎಂದು ಫೋನಿನಲ್ಲಿ ಕೇಳಿದಾಗ ನನಗೆ ಧೈರ್ಯ ಬಂದಿತ್ತು. ಬಂದ ಮರುದಿನ ಬೆಳಗ್ಗೆ ಕಿಟಕಿಯ ಪರದೆ ಸರಿಸಿದರೆ ಸೂರ್ಯ ಕಡಲಿನಿಂದ ಮೇಲೆ ಬರುತ್ತಿದ್ದ. ನಾನು ಅಲ್ಲೇ ಕುರ್ಚಿ ಹಿಡಿದು ಕೂತೆ. ಮೂಡಿನಲ್ಲಿ ಕಡಲು! ಸೂರ್ಯ ತಪ್ಪಿದ್ದಾನೆ ಎನ್ನುವಂತಿಲ್ಲ, ಕಡಲು ತಪ್ಪಿದೆ ಎನ್ನುವಂತೆಯೂ ಇಲ್ಲ. ದೀಪವನ್ನು ಯಾವ ಬದಿಗೆ ಇಡಲಿ ಎಂದು ನಿಮ್ಮ ಅಮ್ಮನನ್ನು ಕೇಳಿದೆ. ಅವಳು ಫೋನು ಹಿಡಿದು ಒಂದು ಸುತ್ತು ತಿರುಗಿ "ಹೀಗೆ ಅತ್ತೆ" ಎಂದು ತೋರಿಸಿದಳು. ಇಟ್ಟೆ. ಕೈ ಇಟ್ಟಿತು, ಮನಸ್ಸು ಒಪ್ಪಲಿಲ್ಲ.

ನಿಮ್ಮ ಅಮ್ಮನಿಗೆ ಆಗ ಶಾಲೆಯಲ್ಲಿ ಒಂದು ಹೊಸ ಜವಾಬ್ದಾರಿ ಬಂದಿತ್ತು. ಈಗಿನ ಮಕ್ಕಳು ನಕ್ಷೆ ನೋಡುವುದು ಫೋನಿನಲ್ಲಿ, ಕಂಪ್ಯೂಟರಿನಲ್ಲಿ. ಅದನ್ನು ಬರೀ ತೋರಿಸಿದರೆ ಸಾಲದು, ಪರೀಕ್ಷಿಸಿ ನೋಡಲು ಮಕ್ಕಳಿಗೆ ಕಲಿಸಬೇಕು, ಅದಕ್ಕೆ ಮೊದಲು ಟೀಚರುಗಳು ತಯಾರಾಗಬೇಕು. ಸುತ್ತಲಿನ ಶಾಲೆಗಳ ಹದಿನೈದು ಮಂದಿ ಟೀಚರುಗಳಿಗೆ ಒಂದು ಶನಿವಾರ ಬೆಳಗ್ಗೆ ಪಾಠ ಮಾಡುವುದು ಅವಳ ಕೆಲಸ. ಊಟಕ್ಕೆ ಕೂತಾಗಲೂ ಅದನ್ನೇ ಒಪ್ಪಿಸುತ್ತಿದ್ದಳು: "ಯಾರು ಮಾಡಿದ ನಕ್ಷೆ? ಯಾವಾಗ ಮಾಡಿದ್ದು? ಇದರಲ್ಲಿ ಎಂತ ಇಲ್ಲ?"

ನನಗೆ ಒಳಗೊಳಗೇ ಗೊಂದಲ. ಕೊನೆಗೊಂದು ದಿನ ಕೇಳಿಯೇಬಿಟ್ಟೆ.

"ನಂಬ್ಲಿಕ್ಕೆ ಆಗದಿದ್ರೆ ಅದನ್ನು ನೋಡುವುದು ಎಂತಕ್ಕೆ ಮಗಾ?"

"ನಂಬಬಾರ್ದು ಅಂತ ಅಲ್ಲ ಅತ್ತೆ. ಕೇಳಿ ನಂಬಬೇಕು."

"ಕೇಳಿದ್ರೆ ಅದು ಹೇಳ್ತದಾ?"

ನಿಮ್ಮ ಅಪ್ಪ ಅನ್ನ ನೆತ್ತಿಗೇರುವಷ್ಟು ನಕ್ಕ. "ಅಮ್ಮನನ್ನೇ ಪಾಠಕ್ಕೆ ಕರ್ಕೊಂಡು ಹೋಗು ಮಾರಾಯ್ತಿ, ನಿನ್ನ ಹದಿನೈದು ಟೀಚರಿಗೂ ಬೆವರು ಬರ್ತದೆ."

ಸಂಜೆಯ ನಡಿಗೆ ಶುರುವಾದದ್ದು ನಿಮ್ಮ ಅಮ್ಮ ಹೀಗೆ ಲ್ಯಾಪ್‌ಟಾಪಿನ ಮುಂದೆ ಕೂರುವ ಹೊತ್ತಿನಲ್ಲಿ. ನಾವು ಮೂವರು ಎರಡು ರಸ್ತೆ ದಾಟಿ ಕಡಲ ಕಟ್ಟೆಗೆ ಹೋಗುತ್ತಿದ್ದೆವು. ಪುಟ್ಟಿ ನನ್ನ ಕಿರುಬೆರಳು ಹಿಡಿಯುವುದು, ಚಿನ್ನು ಮುಂದೆ ಹೋಗಿ "ಅಜ್ಜಿ, ಯಲ್ಲಾ ಯಲ್ಲಾ, ಬೇಗ ಬಾ!" ಎಂದು ಕೂಗುವುದು. ನನಗೆ ಇಲ್ಲಿಯ ಮಾತು ಬಾರದು, ಅಂಗಡಿಗೆ ಒಬ್ಬಳೇ ಹೋಗಲು ಸಂಕೋಚ. ಹಗಲಿಡೀ ನಾನು ಮನೆಯಲ್ಲಿ ಯಾರಿಗೂ ತೊಡಕಾಗದ ಹಾಗೆ ಇರುವ ಒಂದು ವಸ್ತು. ಆ ಒಂದು ಗಂಟೆ ಮಾತ್ರ ನಾನು ನಿಮ್ಮ ಅಜ್ಜಿ.

ಆ ದಿನ ಗಾಳಿಯಲ್ಲಿ ಧೂಳು ತುಂಬಿತ್ತು, ಸೂರ್ಯ ಎಲ್ಲಿದ್ದಾನೆ ಎಂದು ಕಾಣಿಸುತ್ತಿರಲಿಲ್ಲ. ಕಡಲ ಕಟ್ಟೆಯ ಹತ್ತಿರ ಒಂದು ಹೊಸ ದಾರಿ ತೆರೆದಿದ್ದರು. ಚಿನ್ನು ಓಡಿದಳು, ನಾವು ಹಿಂದೆ ಹೋದೆವು. ಅದು ಉದ್ದಕ್ಕೂ ಹೋಗಿ ಒಂದು ಹೊಸ ಪಾರ್ಕಿಗೆ ಸೇರಿತು. ಉಯ್ಯಾಲೆಗಳ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು, ಗಿಡಗಳ ಬುಡದಲ್ಲಿ ಒದ್ದೆ ಮಣ್ಣು. ನೀವು ಆಡಿದಿರಿ. ನಾನು ಕಲ್ಲಿನ ಬೆಂಚಿನಲ್ಲಿ ಕೂತು ಕಡಲು ನೋಡುತ್ತಿದ್ದೆ. ಮನಸ್ಸಿಗೆ ಹಿತವಾಗಿತ್ತು. ನಾನು ಊರಿನಲ್ಲೇ ಕೂತಿದ್ದೇನೆ ಅನ್ನಿಸಿತ್ತು, ತಪ್ಪಿದ್ದು ಬಹುಶಃ ಅಲ್ಲೇ.

ನಿಮ್ಮ ಅಮ್ಮ ಫೋನು ಮಾಡಿದಳು.

"ಅತ್ತೆ, ಎಲ್ಲಿದ್ದೀರಿ? ಧೂಳು ಜೋರಾಗ್ತಾ ಉಂಟು, ನಾನೇ ಕಾರು ತರ್ತೇನೆ."

"ಕಡಲ ಬದಿಯಲ್ಲೇ ಮಗಾ. ಕಟ್ಟೆಯಿಂದ ಬಡಗಿಗೆ ಬಂದೆವು."

ಚಿನ್ನು ಫೋನು ಕಿತ್ತುಕೊಂಡು ಏನೋ ಒತ್ತಿದಳು. "ಅಮ್ಮಾ, ಲೊಕೇಶನ್ ಕಳಿಸಿದ್ದೇನೆ" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಈ ಸಲ ನಿಮ್ಮ ಅಮ್ಮನ ಸ್ವರ ಬೇರೆಯಾಗಿತ್ತು.

"ಅತ್ತೆ, ನೀವು ಎಲ್ಲಿ ನಿಂತದ್ದು? ನೀರಿಗೆ ಇಳಿದಿದ್ದೀರಾ? ಮಕ್ಕಳು ಎಲ್ಲಿ?"

"ಇಲ್ಲ ಮಾರಾಯ್ತಿ, ಬೆಂಚಿನ ಮೇಲೆ ಕೂತಿದ್ದೇನೆ."

"ನಕ್ಷೆಯಲ್ಲಿ ನೀವು ಕಡಲ ಮಧ್ಯೆ ಇದ್ದೀರಿ!"

ನಾನು ಕಾಲ ಕೆಳಗೆ ನೋಡಿದೆ. ನೆಲವೇ ಇತ್ತು. ಆದರೂ, ನಿಜ ಹೇಳುತ್ತೇನೆ, ಒಂದು ಕ್ಷಣ ನನಗೇ ಅನುಮಾನ ಬಂತು. ಅಷ್ಟು ಓದಿದವಳು ಹೇಳುವಾಗ ನನ್ನ ಕಾಲಿನ ಮಾತನ್ನು ನಂಬುವುದು ಹೇಗೆ? ಪುಟ್ಟಿಯನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡೆ.

ಫೋನು ತೋರಿಸಿದ ನೀರಿಗೆ ಕಾರಿನ ದಾರಿಯೇ ಇಲ್ಲದ್ದರಿಂದ ಅವಳು ಕಾರು ತೆಗೆದುಕೊಂಡು ನಾನು ಹೇಳಿದ ಬಡಗಿಗೆ ಹೋದಳು. ನಾವಿದ್ದದ್ದು ತೆಂಕಿನಲ್ಲಿ. ಕಡಲಿಗೆ ಮುಖ ಮಾಡಿ ಬಲಗೈ ಬದಿಗೆ ನಡೆದದ್ದನ್ನು ನಾನು ಬಡಗು ಎಂದಿದ್ದೆ. ಆದರೆ ಈ ಕಡಲು ಮೂಡಿನದು, ಇಲ್ಲಿ ಬಲಗೈಯಲ್ಲಿರುವುದು ತೆಂಕು. ಮುಕ್ಕಾಲು ಗಂಟೆ ಅವಳು ಕಟ್ಟೆಯ ಮೇಲೆ ಸಿಕ್ಕವರನ್ನೆಲ್ಲ "ಇಬ್ಬರು ಸಣ್ಣ ಹುಡುಗಿಯರು, ಸೀರೆ ಉಟ್ಟ ಅಜ್ಜಿ" ಎಂದು ಕೇಳುತ್ತಾ ಓಡಾಡಿದಳಂತೆ. ಕೊನೆಗೆ ಚಿನ್ನು ಫೋನಿನಲ್ಲಿ "ಅಮ್ಮಾ, ಎದುರಿಗೆ ಹಸಿರು ದೀಪದ ಎರಡು ಗೋಪುರದ ಮಸೀದಿ ಕಾಣ್ತದೆ" ಎಂದಾಗ ದಾರಿ ತಿಳಿಯಿತು.

ಮನೆಯವರೆಗೂ ನಿಮ್ಮ ಅಮ್ಮ ಕನ್ನಡಿಯಲ್ಲಿ ನಿಮ್ಮಿಬ್ಬರನ್ನು ಮತ್ತೆ ಮತ್ತೆ ನೋಡುತ್ತಾ ಕಾರು ಓಡಿಸಿದಳು. ಮನೆಗೆ ಬಂದ ನಿಮ್ಮ ಅಪ್ಪ ನನ್ನ ಮುಖ ನೋಡದೆ ಹೇಳಿದ: "ಅಮ್ಮ, ಇನ್ನು ಸಂಜೆ ಮಕ್ಕಳನ್ನು ಕರ್ಕೊಂಡು ಹೋಗುವುದು ಬೇಡ. ನಿಮಗೆ ಇಲ್ಲಿ ದಿಕ್ಕು ಗೊತ್ತಾಗುವುದಿಲ್ಲ." ಆಯಿತು ಎಂದೆ. ದಿಕ್ಕು ಗೊತ್ತಾಗುವುದಿಲ್ಲ ಎನಿಸಿಕೊಂಡದ್ದು ಜೀವನದಲ್ಲಿ ಅದೇ ಮೊದಲು.

ನಾಲ್ಕು ದಿನ ಹಾಗೇ ಹೋದವು. ಸಂಜೆ ಐದಕ್ಕೆ ಪುಟ್ಟಿ ನನ್ನ ಚಪ್ಪಲಿ ತಂದು ಮುಂದಿಡುವುದು, ನಾನು ಅದನ್ನು ವಾಪಸು ಇಡುವುದು.

ಐದನೆಯ ದಿನ ನಿಮ್ಮ ಅಮ್ಮ ಲ್ಯಾಪ್‌ಟಾಪನ್ನು ಅಡುಗೆಮನೆಗೇ ಹೊತ್ತು ತಂದಳು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ.

"ಅತ್ತೆ, ಇಲ್ಲಿ ನೋಡಿ. ಇದು ನಮ್ಮ ಬಿಲ್ಡಿಂಗು. ಇದು ಕಟ್ಟೆ. ನೀವು ಕೂತ ಪಾರ್ಕು ಎಲ್ಲುಂಟು?"

ಮೇಲಿನಿಂದ ತೆಗೆದ ಚಿತ್ರ. ಪಾರ್ಕು ಇರಬೇಕಾದಲ್ಲಿ ನೀಲಿ ನೀರು.

"ಇಲ್ಲ" ಎಂದೆ.

"ಇಲ್ಲ! ಈ ಚಿತ್ರ ತೆಗೆಯುವಾಗ ಪಾರ್ಕೇ ಇರಲಿಲ್ಲ. ಆಮೇಲೆ ಕಡಲಿಗೆ ಮಣ್ಣು ತುಂಬಿಸಿ ಕಟ್ಟಿದ್ದು. ನೀವು ನೆಲದ ಮೇಲೇ ಇದ್ರಿ. ಹಳೆಯದಾದದ್ದು ನಕ್ಷೆ."

"ಆದ್ರೆ ಬಡಗು ಅಂತ ನಾನು ಹೇಳಿದ್ದು ತಪ್ಪಲ್ಲವಾ?"

"ಅದು ತಪ್ಪು" ಎಂದಳು. ಲ್ಯಾಪ್‌ಟಾಪಿನ ಮೇಲೆ ಇನ್ನೊಮ್ಮೆ ಬಗ್ಗಿ ನೋಡಿ, "ತಪ್ಪಾ? ಗೊತ್ತಿಲ್ಲ ಅತ್ತೆ" ಎಂದಳು. ಆಮೇಲೆ, ಶನಿವಾರ ನೀವು ನನ್ನ ಜೊತೆ ಬರಬೇಕು ಎಂದಳು.

ಹದಿನೈದು ಟೀಚರುಗಳ ಎದುರು ನಾನೇ? ಅಲ್ಲಿ ಏನಾದರೂ ತಪ್ಪಾಡಿದರೆ ಇನ್ನು ನಿಮ್ಮನ್ನು ನನ್ನ ಕೈಗೆ ಕೊಡಲಾರರು ಎಂಬ ಹೆದರಿಕೆ. ನಿಮ್ಮ ಅಪ್ಪನಿಗೂ ಇಷ್ಟವಿರಲಿಲ್ಲ. "ಅಮ್ಮನನ್ನು ಅಲ್ಲಿ ನಗೆಪಾಟಲು ಮಾಡ್ಬೇಡ" ಎಂದ. ಅವಳು "ನಗುವವರು ನನ್ನನ್ನು ನೋಡಿ ನಗ್ಲಿ" ಎಂದಳು. ಅವಳು ಹಾಗೆ ಹೇಳಿದ್ದು ಏಕೆ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಶಾಲೆಯ ಲೈಬ್ರರಿಯಲ್ಲಿ ಪರದೆ ಎಳೆದು, ಗೋಡೆಯ ಮೇಲೆ ದೊಡ್ಡದಾಗಿ ಈ ಊರಿನ ನಕ್ಷೆ ಬೀಳುವಂತೆ ಮಾಡಿದ್ದರು. ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದಲ್ಲಿ ಮಂಗಳೂರಿನ ಕಡೆಯ ಒಬ್ಬ ಕ್ರಿಶ್ಚಿಯನ್ ಟೀಚರು ಕೂತು, ಆಡಿದ್ದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಿದರು. ನಿಮ್ಮ ಅಮ್ಮ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟಳು. ದಿನಾ ನಡೆಯುವ ಒಂದು ದಾರಿಯನ್ನು ಫೋನು ನೋಡದೆ ಬರೆಯಬೇಕು. ನನಗೂ ಒಂದು ಹಾಳೆ ಬಂತು. ನಾನು ನಮ್ಮ ನಡಿಗೆಯನ್ನೇ ಬರೆದೆ: ಎಡಬದಿಗೆ ಕಡಲು, ಬಲಬದಿಗೆ ನಮ್ಮ ಮನೆ, ಕಟ್ಟೆಯಿಂದ ಮೇಲಕ್ಕೆ ಹೋಗುವ ದಾರಿ, ತುದಿಯಲ್ಲಿ ಪಾರ್ಕು, ಉಯ್ಯಾಲೆ, ಬೆಂಚು, ಎರಡು ಗೋಪುರ.

ನಿಮ್ಮ ಅಮ್ಮ ಅದನ್ನು ಗೋಡೆಯ ನಕ್ಷೆಯ ಪಕ್ಕದಲ್ಲಿ ಹಿಡಿದಳು. ಗೋಡೆಯದರಲ್ಲಿ ಕಡಲು ಬಲಕ್ಕೆ, ನನ್ನದರಲ್ಲಿ ಎಡಕ್ಕೆ. ನನ್ನ ಕಿವಿ ಬಿಸಿಯಾಯಿತು.

ಹೈದರಾಬಾದಿನ ಹಿರಿಯ ಸಾರ್ ಒಬ್ಬರು ಗಡ್ಡ ನೀವುತ್ತಾ ಹೇಳಿದರು: "ಅಮ್ಮಾಜಿ, ಬುರಾ ಮತ್ ಮಾನಿಯೇ, ಬೇಸರ ಮಾಡ್ಕೊಳ್ಬೇಡಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ."

ಮದ್ರಾಸಿನ ಟೀಚರು ನಕ್ಕರು. "ನಮ್ಮ ಕಡಲು ಹುಟ್ಟಿದಾಗಿನಿಂದ ಪೂರ್ವಕ್ಕೇ. ನನಗಂತೂ ಇಲ್ಲಿ ಒಂದು ದಿನವೂ ದಾರಿ ತಪ್ಪಿಲ್ಲ!"

ಆಗ ಪಕ್ಕದ ಮಂಗಳೂರಿನ ಟೀಚರು ತಮ್ಮ ಹಾಳೆಯನ್ನು ಮೆಲ್ಲ ಎತ್ತಿ ತೋರಿಸಿದರು. ಅವರ ಕಡಲೂ ಎಡಕ್ಕೇ ಇತ್ತು. "ಎಂತ ಮಾಡುವುದು, ಎಂಟು ವರ್ಷ ಆಯ್ತು ಬಂದು" ಎಂದರು. ಎಲ್ಲರೂ ನಕ್ಕರು, ನನಗೆ ಉಸಿರು ಬಂತು.

ನಾನು ಅವರ ಕಿವಿಯಲ್ಲಿ ಹೇಳಿದೆ: "ಅದನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸ್ಲಿಕ್ಕೆ ಆಗ್ತದಾ?" ಅವರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು. ನಿಮ್ಮ ಅಮ್ಮ ನಕ್ಷೆಯ ಕಾಗದದ ಪ್ರತಿಯೊಂದನ್ನು ತಂದು ಕಾರ್ಪೆಟ್ಟಿನ ಮೇಲೆ ಹಾಸಿದಳು. "ಈಗ ಇದರ ಕಡಲನ್ನು ನಿಜವಾದ ಕಡಲಿನ ಬದಿಗೆ ತಿರುಗಿಸೋಣ. ಕಡಲು ಯಾವ ಬದಿಗೆ?"

ಹದಿನೈದು ಮಂದಿ ಕೈ ಚಾಚಿದರು. ಒಬ್ಬರ ಕೈ ಬಾಗಿಲಿಗೆ, ಒಬ್ಬರದು ಕಪಾಟಿಗೆ, ಇಬ್ಬರದು ಎದುರೆದುರು. ಮದ್ರಾಸಿನ ಟೀಚರು ತೋರಿಸಿದ್ದು ಟಾಯ್ಲೆಟ್ಟಿನ ಬದಿಯನ್ನು. "ಒಂದು ದಿನವೂ ತಪ್ಪಿಲ್ಲವಲ್ಲ ಮ್ಯಾಡಮ್" ಎಂದು ಹಿರಿಯ ಸಾರ್ ಕುಟುಕಿದರು. ಅವರ ಕೈಯೂ ತಪ್ಪೇ ಇತ್ತು. ಕೊನೆಗೆ ಯಾರೋ ಪರದೆ ಸರಿಸಿದರು. ಬೆಳಗಿನ ಬಿಸಿಲು ಕಪಾಟಿನ ಬದಿಯಿಂದ ಬಂತು. ಕಡಲೂ ಅಲ್ಲೇ.

ಕಾಗದ ತಿರುಗಿತು. ನಿಮ್ಮ ಅಮ್ಮ ನನ್ನ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು, ಮೇಲಿನದು ಕೆಳಗೆ ಬರುವಂತೆ ಅರ್ಧ ಸುತ್ತು ತಿರುಗಿಸಿದಳು. ಮನೆ ಮನೆಗೆ ಕೂಡಿತು, ಕಟ್ಟೆ ಕಟ್ಟೆಗೆ. ಒಂದೇ ವ್ಯತ್ಯಾಸ: ನನ್ನ ಹಾಳೆಯಲ್ಲಿ ಪಾರ್ಕು ಇತ್ತು, ಅವರದರಲ್ಲಿ ನೀರು.

ಅವಳು ನಿಂತುಕೊಂಡು ಹೇಳಿದ್ದನ್ನು ಮಂಗಳೂರಿನ ಟೀಚರು ನನಗೆ ತಡೆದು ತಡೆದು ತಿಳಿಸಿದರು. "ನಾನು ನಿಮಗೆ ಕಲಿಸಲಿಕ್ಕೆ ಮೂರು ಪ್ರಶ್ನೆ ಬರೆದುಕೊಂಡಿದ್ದೆ. ಹೋದ ವಾರ ನನ್ನ ಇಬ್ಬರು ಮಕ್ಕಳು, ನನ್ನ ಅತ್ತೆ ಕಡಲೊಳಗೆ ಇದ್ದಾರೆ ಎಂದು ಫೋನು ತೋರಿಸಿತು. ಮೂರರಲ್ಲಿ ಒಂದು ಪ್ರಶ್ನೆಯೂ ನನಗೆ ನೆನಪಾಗಲಿಲ್ಲ. ಬೆಂಚಿನ ಮೇಲೆ ಕೂತಿದ್ದೇನೆ ಎಂದು ಅತ್ತೆ ಹೇಳಿದರು. ನಾನು ಫೋನನ್ನು ನಂಬಿದೆ."

ನಾನು ತಲೆ ಎತ್ತಲಿಲ್ಲ. ನನ್ನಿಂದ ಅವಳು ಅಷ್ಟು ಜನರ ಎದುರು ಸಣ್ಣವಳಾದಳೇ, ಅಥವಾ ದೊಡ್ಡವಳಾದಳೇ, ಅದೂ ತಿಳಿಯಲಿಲ್ಲ. ಹಿರಿಯ ಸಾರ್ ಮಾತ್ರ ಬಿಡಲಿಲ್ಲ. "ಆದರೂ ಪರೀಕ್ಷೆಯ ಕಾಗದವನ್ನು ತಿರುಗಿಸಿ ಹಿಡಿಯಲಿಕ್ಕೆ ಆಗುವುದಿಲ್ಲವಲ್ಲ" ಎಂದರು. ಅದೂ ಸರಿಯೇ. ನಿಮ್ಮ ಅಮ್ಮ ಅವರಿಗೆ ಬಹಳ ಹೊತ್ತು ಉತ್ತರ ಕೊಟ್ಟಳು, ನನಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಅವರೂ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ಹೋಗುವಾಗ ನನ್ನ ಹಾಳೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡರು.

ವಾಪಸು ಬರುವಾಗ ನಿಮ್ಮ ಅಮ್ಮ ಕಟ್ಟೆಯ ಬದಿಯಲ್ಲಿ ಕಾರು ನಿಲ್ಲಿಸಿದಳು.

"ಅತ್ತೆ, ಇವತ್ತು ಸಂಜೆ ಮಕ್ಕಳನ್ನು ಕರ್ಕೊಂಡು ಹೋಗಿ."

"ಅವನು ಬೇಡ ಹೇಳಿದ್ದಾನಲ್ಲ ಮಗಾ."

"ಅವರಿಗೆ ನಾನು ಹೇಳ್ತೇನೆ. ನೀವು ಇಲ್ಲಿ ಬಡಗು, ತೆಂಕು ಹೇಳ್ಬೇಡಿ, ಎಡಗೈ, ಬಲಗೈ ಹೇಳಿ. ನಾನು ನಕ್ಷೆ ನೋಡುವ ಮೊದಲು ನಿಮ್ಮತ್ರ ಕೇಳ್ತೇನೆ, ಎಂತ ಕಾಣ್ತದೆ ಅಂತ. ಆಗ್ಬಹುದಾ?"

ಆಗಬಹುದು ಎಂದೆ. ನಿಮ್ಮ ಅಪ್ಪ ಒಪ್ಪಿದ, ಆದರೆ ಫೋನಿನಲ್ಲಿ ನಾವಿರುವ ಜಾಗ ಸದಾ ಅವರಿಬ್ಬರಿಗೂ ಕಾಣುತ್ತಲೇ ಇರಬೇಕು ಎಂದ. ಹಾಗಾಗಿ ಅವರು ನಂಬಿದ್ದು ನನ್ನನ್ನೋ ಫೋನನ್ನೋ ಎಂದು ನಾನು ನಡೆಯುತ್ತಾ ಎಷ್ಟೋ ಸಲ ಯೋಚಿಸಿದ್ದುಂಟು. ಪಾರ್ಕಿಗೆ ಹೋದಾಗಲೆಲ್ಲ ನಾವು ಅವರ ಫೋನಿನಲ್ಲಿ ಕಡಲೊಳಗೇ ಕೂತಿರುತ್ತಿದ್ದೆವು. ಆದರೆ ದಿನಾ ಐದೂವರೆಗೆ ನಿಮ್ಮ ಅಮ್ಮನ ಫೋನು ಬರುತ್ತದೆ. "ಅತ್ತೆ, ಎಂತ ಕಾಣ್ತದೆ?" ನಾನು ಹೇಳುತ್ತೇನೆ: ಎರಡು ಗೋಪುರ, ಐಸ್‌ಕ್ರೀಮಿನ ಗಾಡಿ, ಪುಟ್ಟಿಯ ಒಂದು ಕಾಲಿನಲ್ಲಿ ಬೂಟು ಇಲ್ಲ. "ಹಾಂ, ಸರಿ" ಎಂದು ಇಡುತ್ತಾಳೆ. ನಾವಿರುವ ಜಾಗವನ್ನು ಅವಳು ಕೈಯಲ್ಲಿರುವ ಫೋನಿನಲ್ಲೇ ನೋಡಬಹುದು, ಆದರೂ ಕೇಳುತ್ತಾಳೆ.

ನನ್ನ ವೀಸಾದ ದಿನ ಮುಗಿಯುತ್ತಾ ಬಂತು. ಬರುವ ವಾರ ಊರಿಗೆ. ಈಗ ಬೇರೆಯೇ ಹೆದರಿಕೆ: ಇಲ್ಲಿ ಬೆಳಗ್ಗೆ ದೀಪ ಇಡುವಾಗ ಕೈ ತಾನಾಗಿ ಕಡಲ ಬದಿಗೆ ತಿರುಗಲು ಶುರುವಾಗಿದೆ. ಅಲ್ಲಿಯೂ ಹಾಗೇ ಪಡುವಿನ ಕಡಲಿಗೆ ತಿರುಗಿದರೆ ಏನು ಮಾಡಲಿ? ಊರಿನವರಿಗೆ ಹೇಳಿದರೆ ನಗುತ್ತಾರೆ.

ಆ ಶನಿವಾರದ ಹಾಳೆಯನ್ನು ಈ ಪುಟಗಳ ಜೊತೆಗೇ ಇಟ್ಟಿದ್ದೇನೆ. ನೀವು ದೊಡ್ಡವರಾಗುವಾಗ ಆ ಪಾರ್ಕಿನ ಆಚೆಯೂ ಮಣ್ಣು ತುಂಬಿಸಿರಬಹುದು, ಕಟ್ಟೆ ಇನ್ನೂ ದೂರ ಹೋಗಿರಬಹುದು. ಆಗ ಅದರಲ್ಲಿ ಏನಿದೆ, ಏನಿಲ್ಲ ಎಂದು ನೀವೇ ನೋಡಿ. ಅದರ ಕೆಳಗೆ ಯಾರು, ಯಾವಾಗ ಎಂದು ಬರೆದಿದ್ದೇನೆ, ನಿಮ್ಮ ಅಮ್ಮ ಬರೆಸಿದಳು. ನಿಮ್ಮ ಇಕಾಮಾದ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿಯ, ಪ್ರತಿಗಳನ್ನು ಇಡುವ ನೀಲಿ ಫೈಲಿನಲ್ಲಿ ಇವನ್ನೂ ಸೇರಿಸಿ ಜೋಪಾನವಾಗಿ ಇಟ್ಟುಕೊಳ್ಳಿ. ಮನೆ ಬದಲಿಸುವಾಗ ಬೇರೆ ಕಾಗದಗಳ ಜೊತೆ ಬಿಸಾಡಬೇಡಿ. ತೆಗೆದು ನೋಡುವಾಗ ಮೇಜಿನ ಮೇಲಲ್ಲ, ನೆಲದ ಮೇಲೆ ಹಾಸಿ, ಆಮೇಲೆ ಮಡಚದೆ ಹಾಗೇ ಒಳಗಿಡಿ.